ಅಡಿಕೆ ಅಂಗಳದಲ್ಲಿ ಆರಿದ್ರೆ

ನಮ್ಮ ಹವ್ಯಾಸಿ ಖಗೋಳ ಕೂಟಕ್ಕೆ ಒಂದು ಚಟವಿದೆ. ಎಲ್ಲಿಗೆ ಹೋದರೂ ದೂರದರ್ಶಕವನ್ನೇ ಮುಂದೆ ಮಾಡುತ್ತೇವೆ. ಪುಷ್ಯ ಮಾಸದ ಅಮಾವಾಸ್ಯೆಯಂದು ಶಿರಸಿ ಸೀಮೆಯ ಮನೆಯೊಂದರಲ್ಲಿ ಆ ಚಟಕ್ಕೆ ಸರಿಯಾದ ಮಂಗಳಾರತಿಯಾಯಿತು.

ಕೊಯ್ಲಿನ ದಿನಗಳು. ಅಂಗಳದಲ್ಲಿ ದೊಡ್ಡ ಬಲ್ಬಿನ ಕೆಳಗೆ ಹತ್ತು ಹನ್ನೆರಡು ಮಂದಿ ಅಡಿಕೆ ಸುಲಿಯುತ್ತಿದ್ದರು. ಗುರುಗ್ರಹವನ್ನೂ ಅದರ ನಾಲ್ಕು ಚಂದ್ರರನ್ನೂ ತೋರಿಸಿದೆವು. ಒಬ್ಬೊಬ್ಬರಾಗಿ ಎದ್ದು ಬಂದರು, ಇಣುಕಿದರು, ಮರ್ಯಾದೆಗೆ ‘ಚೆನ್ನಾಗಿದೆ’ ಎಂದು ಮತ್ತೆ ಕತ್ತಿಯ ಮುಂದೆ ಕುಳಿತರು. ಸುಲಿದಷ್ಟಕ್ಕೆ ಕೂಲಿ, ಗುರುವಿನ ಚಂದ್ರರನ್ನು ಎಣಿಸುತ್ತ ನಿಂತರೆ ಹೊಟ್ಟೆ ತುಂಬುವುದಿಲ್ಲ. ಕೊನೆಗೆ ಬಂದ ಮನೆಯ ಅಜ್ಜ ಕೊಳವೆಯ ಕಡೆ ತಿರುಗಿಯೂ ನೋಡಲಿಲ್ಲ.

“ತಮ್ಮಾ, ಆರಿದ್ರೆ ಎಲ್ಲಿದೆ? ಇಷ್ಟು ವರ್ಷ ಅದರ ಮಳೆಯಲ್ಲಿ ನೆನೆದಿದ್ದೇನೆ, ಮುಖ ನೋಡಿಲ್ಲ.”

ನಮ್ಮ ಹುಡುಗರು ಮೊಬೈಲ್ ತಡಕಿದರು. ಬೀಟಲ್‌ಜ್ಯೂಸ್ ಎಂದರೆ ನಿದ್ದೆಗಣ್ಣಿನಲ್ಲೂ ಬೆರಳು ಮಾಡಿ ತೋರಿಸುವವರು. ಅದೇ ಆರಿದ್ರೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಕೂಟ ನಡೆಸುವ ನನಗೆ ನಾಚಿಕೆಯಾಯಿತು.

ಅಜ್ಜ ತಾವೇ ಬಲ್ಬು ಆರಿಸಿದರು. ಕಣ್ಣು ಕತ್ತಲೆಗೆ ಹೊಂದಲು 20 ನಿಮಿಷವಾದರೂ ಬೇಕು, ನಮಗೆ ಸಿಕ್ಕಿದ್ದು ಹತ್ತು. ಸಾಕಾಯಿತು. ನೆತ್ತಿಯ ಮೇಲೆ ಕೃತ್ತಿಕೆಯ ಗೊಂಚಲು, ಅಲ್ಲಿಂದ ಪೂರ್ವಕ್ಕೆ ಇಳಿಯುತ್ತ ಕೆಂಪು ರೋಹಿಣಿ, ಬೇಟೆಗಾರನ ಆಕಾರದ ನಕ್ಷತ್ರಪುಂಜವಾದ ಮಹಾವ್ಯಾಧನ ತಲೆಯಲ್ಲಿ ಮೃಗಶಿರಾ, ಅವನ ಭುಜದಲ್ಲಿ ಆರಿದ್ರೆ, ಅದರಾಚೆ ಪುನರ್ವಸುವಿನ ಜೋಡಿ. ಪುಷ್ಯ ಇನ್ನೂ ಅಡಿಕೆ ಮರಗಳ ಹಿಂದೆಯೇ ಇತ್ತು. ಬರಲಿರುವ ಮಳೆಗಾಲ ಆಗಲೇ ಸರದಿಯಲ್ಲಿ ನಿಂತುಬಿಟ್ಟಿತ್ತು. ಕತ್ತಿ ಕೆಳಗಿಟ್ಟು ಎಲ್ಲರೂ ಎದ್ದು ಬಂದರು. “ಹಾಗಾದರೆ ಮಘೆ?” ಎಂದು ಒಬ್ಬರು ಕೇಳಿದರು. ಮಘೆ ಮೂಡಲು ಇನ್ನೂ ಒಂದು ಗಂಟೆ ಇತ್ತು.

ಆರಿದ್ರಾ ಮಳೆ ಎಂದರೆ ಸೂರ್ಯ ಆ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳು, ಜೂನ್ 21–22ರಿಂದ ಶುರು. ಆಗ ಆರಿದ್ರೆ ಸೂರ್ಯನ ಜೊತೆಗೇ ಮೂಡಿ ಜೊತೆಗೇ ಮುಳುಗುತ್ತದೆ. ಮೋಡವೇ ಇಲ್ಲದಿದ್ದರೂ ಕಾಣುವುದಿಲ್ಲ. ಮಳೆ ಕೊಡುವಾಗ ಮುಖ ತೋರಿಸುವುದಿಲ್ಲ, ಮುಖ ತೋರಿಸುವಾಗ ಮಳೆ ಇಲ್ಲ. 2019ರ ಕೊನೆಯಲ್ಲಿ ಅದು ವಿಪರೀತ ಮಂಕಾಗಿತ್ತು, ಸಿಡಿಯುತ್ತದೆಯೋ ಎಂದು ಜಗತ್ತೇ ಕಾದು ನೋಡಿತ್ತು, ಕಡೆಗೆ ನೋಡಿದರೆ ಅದೇ ಹೊರಹಾಕಿದ ಧೂಳು ಎಂದೆ. “ನಕ್ಷತ್ರಕ್ಕೂ ಕೊಳೆರೋಗವೇ?” ಎಂದರು ಅಜ್ಜ.

‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎನ್ನುವ ಜನಕ್ಕೆ ನಾವು ಹಂಚುವುದು ಎಲ್ಲಿಂದಲೋ ನಕಲು ಮಾಡಿದ ಕ್ಯಾಲೆಂಡರು. ಅದರಲ್ಲಿ ಆಗಸ್ಟ್ 12ರ ಪರ್ಸಿಯಿಡ್ ಉಲ್ಕೆಗಳಿಗೆ ದಪ್ಪ ಅಕ್ಷರ. ಆಗಸ್ಟ್‌ನಲ್ಲಿ ಶಿರಸಿಯಲ್ಲಿ ಕೊಡೆ ಮಡಚಿ ಆಕಾಶ ನೋಡುವವರು ಯಾರು? ಕ್ಷೀರಪಥದ ನಡುಭಾಗ ಸಂಜೆಯಿಂದಲೇ ಚೆಂದ ಕಾಣುವ ಜೂನ್–ಜುಲೈ ಕೂಡ ನಮ್ಮ ಪಾಲಿಗಿಲ್ಲ. ಘಟ್ಟದ ಮೇಲಿರಲಿ, ಕಾರವಾರದ ಕಡಲ ದಂಡೆಯಿರಲಿ, ನಮ್ಮ ಆಕಾಶದ ಹಂಗಾಮು ದೀಪಾವಳಿಯ ನಂತರವೇ. ಡಿಸೆಂಬರ್ 13–14ರ ಜೆಮಿನಿಡ್ ಉಲ್ಕೆಗಳು ನಮ್ಮವು, ಆಗ ಅಡಿಕೆ ಅಂಗಳಗಳೂ ಎಚ್ಚರವಿರುತ್ತವೆ.

ಅಮಾವಾಸ್ಯೆಗೆ ಮಕ್ಕಳನ್ನು ಕಳಿಸುವುದಿಲ್ಲ ಎನ್ನುವವರು ಈಗಲೂ ಇದ್ದಾರೆ. 1980ರ ಫೆಬ್ರವರಿ 16ರಂದು ಖಗ್ರಾಸ ಗ್ರಹಣದ ನೆರಳು ಅಂಕೋಲೆಯ ತೀರ ದಾಟಿ ಬಂದಾಗ ಎಷ್ಟೋ ಮನೆಗಳು ಬಾಗಿಲು ಹಾಕಿಕೊಂಡಿದ್ದವು. ಅವರೊಡನೆ ವಾದಿಸುವುದನ್ನು ನಾನು ಬಿಟ್ಟಿದ್ದೇನೆ. ಆರಿದ್ರೆ ತೋರಿಸುತ್ತೇವೆ ಎಂದರೆ ಅವರೇ ಬರುತ್ತಾರೆ.

ಹೊರಡುವಾಗ ಅಜ್ಜ ಹಸ್ತ, ಚಿತ್ತೆ, ಸ್ವಾತಿಯ ಲೆಕ್ಕ ಕೇಳಿದರು. ಯುಗಾದಿಯ ಹೊತ್ತಿಗೆ ರಾತ್ರಿ ಒಂಬತ್ತರ ನಂತರ ಆಗ್ನೇಯ ಮತ್ತು ಪೂರ್ವದಲ್ಲಿ ಕಾಣುತ್ತವೆ ಎಂದೆ.

“ಒಳ್ಳೆಯದಾಯಿತು, ಅಷ್ಟೊತ್ತಿಗೆ ಸುಲಿಯುವುದೂ ಮುಗಿದಿರುತ್ತದೆ. ಆ ಕೊಳವೆ ತರಬೇಡಿ, ಊಟಕ್ಕೆ ಬನ್ನಿ” ಎಂದು ಬಲ್ಬು ಹಾಕಿದರು.