ಕೀ ಕಣ್ಣೆದುರಿಗೇ ಇತ್ತಂತೆ

ಹೋದ ವಾರ ಆಫೀಸಿಗೆ ಲೇಟ್ ಆಗಿದ್ದಕ್ಕೆ ಕಾರಣ ನಾನಲ್ಲ, ನನ್ನ ತಲೆಯ ಹಿಂಭಾಗ. ತಮಾಷೆ ಮಾಡ್ತಿಲ್ಲ, ಕಣ್ಣಿಂದ ಬಂದಿದ್ದನ್ನ ವಿಚಾರಿಸ್ಕೊಳ್ಳೋ ವಿಷುಯಲ್ ಕಾರ್ಟೆಕ್ಸ್ ಇರೋದು ಅಲ್ಲೇ.

ಆಗಿದ್ದಿಷ್ಟು. ಟೇಬಲ್ ಮೇಲೆ ಚಾರ್ಜರು, ಎರಡು ರಿಮೋಟು, ಯಾವ್ದೂ ಬರೀದೇ ಇರೋ ಆರೇಳು ಪೆನ್ನು, ಬಿಲ್ಲುಗಳು, ಇವುಗಳ ಮಧ್ಯೆ ಗಾಡಿ ಕೀ. ಹದಿನೈದು ನಿಮಿಷ ಹುಡುಕಿದೆ, ಸೋಫಾ ಎತ್ತಿದೆ, ನೆನ್ನೆ ಹಾಕಿದ್ದ ಪ್ಯಾಂಟನ್ನ ಮೂರು ಸಲ ತಪಾಸಣೆ ಮಾಡ್ದೆ. ಹೆಂಡ್ತಿ ಬಂದವಳು ನಡೀತಾ ನಡೀತಾನೇ ಕೀ ಎತ್ತಿ ಕೈಗಿಟ್ಟು, "ಕಣ್ಣೆದುರಿಗೇ ಇದ್ಯಲ್ರೀ" ಅಂದ್ಬಿಟ್ಲು.

ಅವಮಾನ ತಡೀಲಾರ್ದೆ ಸಂಜೆ ಕೂತು ಓದಿದೆ. ಅಲ್ಲಿರೋ ಒಂದೊಂದು ನ್ಯೂರಾನೂ, ಅಂದ್ರೆ ಮಿದುಳಿನ ಜೀವಕೋಶವೂ, ನೋಟದಲ್ಲಿ ತನ್ನದೇ ಒಂದು ತುಂಡನ್ನ ಮಾತ್ರ ಕಾಯುತ್ತಂತೆ. ಹ್ಯೂಬೆಲ್, ವೀಸೆಲ್ ಅನ್ನೋ ವಿಜ್ಞಾನಿಗಳು ಬೆಕ್ಕಿನ ನ್ಯೂರಾನಿಗೆ ಚುಕ್ಕೆ ತೋರಿಸಿ ತೋರಿಸಿ ಸುಸ್ತಾಗಿದ್ರು, ಅದು ಕ್ಯಾರೇ ಅನ್ಲಿಲ್ಲ, ಕೊನೆಗೆ ಗಾಜಿನ ಸ್ಲೈಡ್ ಒಳಗೆ ತಳ್ಳೋವಾಗ ಅದರ ಅಂಚಿನ ನೆರಳು ಗೆರೆ ಥರ ಸರಿದಿದ್ದಕ್ಕೆ ಪಟಪಟ ಅಂತ ಸಿಗ್ನಲ್ ಕಳಿಸೋಕೆ ಶುರು ಮಾಡ್ತು, ಅದಕ್ಕೆ ಬೇಕಾಗಿದ್ದು ಒಂದು ಓರೆಯಲ್ಲಿರೋ ಗೆರೆ ಅಷ್ಟೇ. 1959ರಲ್ಲಿ ಬರೆದ್ರು, 1981ರಲ್ಲಿ ನೊಬೆಲ್ ಬಂತು. ನನ್ನ ಎಡವಟ್ಟುಗಳಿಗೆ ಇವತ್ತಿನವರೆಗೂ ಬೈಗುಳ ಬಿಟ್ಟು ಏನೂ ಬಂದಿಲ್ಲ.

ಅಸಲಿ ವಿಷಯ ಇಲ್ಲಿದೆ. ಒಂದೇ ನ್ಯೂರಾನಿನ ಜಾಗದಲ್ಲಿ ಎರಡು ವಸ್ತು ಬಂದ್ರೆ ಅದು ಎರಡನ್ನೂ ಕೂಡಿಸಿ ಡಬಲ್ ಕೂಗಬೇಕಲ್ವಾ, ಅಂದ್ರೆ ಡಬಲ್ ಸಿಗ್ನಲ್ ಕಳಿಸಬೇಕಲ್ವಾ? ಇಲ್ಲ. ಕೀ ಒಂದೇ ಇದ್ರೆ 50 ಸಲ, ರಿಮೋಟ್ ಒಂದೇ ಇದ್ರೆ 10 ಸಲ ಕೂಗೋದು ಅಂತಿಟ್ಕೊಳ್ಳಿ (ಕೀಗೇ ಅಂತ ಮೀಸಲಾದ ನ್ಯೂರಾನ್ ಇಲ್ಲ, ಲೆಕ್ಕಕ್ಕೆ ಹೇಳ್ತಿದೀನಿ), ಎರಡೂ ಒಟ್ಟಿಗಿದ್ರೆ ಸುಮಾರಾಗಿ ನಡುವೆ ಎಲ್ಲೋ, 30ರ ಹತ್ರ. ಅಕ್ಕಪಕ್ಕದ ನ್ಯೂರಾನ್‌ಗಳ ಗಲಾಟೆಯಿಂದ ಪ್ರತಿಯೊಬ್ಬರ ದನಿಯನ್ನೂ ಭಾಗಿಸಿಬಿಡೋ ಲೆಕ್ಕ ಅದು. ಮೊದಲ ಹಂತದ ನ್ಯೂರಾನ್‌ಗಳ ಜಾಗ ಪುಟ್ಟದು, ಮುಂದಮುಂದಕ್ಕೆ ಹೋದಂಗೆ ದೊಡ್ಡದಾಗುತ್ತೆ, ಅಂದ್ರೆ ನನ್ನ ಅರ್ಧ ಟೇಬಲ್ಲು ಒಬ್ಬನ ಪಾಲಿಗೇ ಬಿದ್ದಿರುತ್ತೆ. ಪಾಪ.

ಇದಕ್ಕೆ ಮದ್ದು ಗಮನ. ಕೋತಿಗಳ ಮೇಲೆ 1985ರಲ್ಲಿ ಮೋರನ್, ಡೆಸಿಮೋನ್ ಅನ್ನೋ ವಿಜ್ಞಾನಿಗಳು ತೋರಿಸಿದ್ದು ಅದನ್ನೇ, ಎರಡರಲ್ಲಿ ಒಂದಕ್ಕೆ ಗಮನ ಕೊಟ್ರೆ ನ್ಯೂರಾನು ಇನ್ನೊಂದು ಇಲ್ಲವೇನೋ ಅನ್ನೋ ಹಂಗೆ ನಡ್ಕೊಳ್ಳುತ್ತೆ. ಇಲ್ಲೇ ಸಿಕ್ಕಾಕ್ಕೊಂಡೆ ನೋಡಿ. ನಾನು ಗಮನ ಇಟ್ಟು ಹುಡುಕ್ತಿದ್ದಿದ್ದು ಕೆಂಪು ಕೀಚೈನ್, ಅದು ಹೋದ ತಿಂಗಳೇ ಕಿತ್ತೋಗಿ ನೀಲಿ ದಾರ ಕಟ್ಟಿದ್ದೆ. ಕಟ್ಟಿದ್ದು ನಾನೇ. ಹಾಗಾಗಿ ಪ್ರತಿ ಸಲಾನೂ ಕಣ್ಣಿಗೆ ಬಿದ್ದಿದ್ದು ಒಂದು ಕೆಂಪು ಪೆನ್ನಿನ ಕ್ಯಾಪು.

ಇಷ್ಟನ್ನೂ ಹೆಂಡ್ತಿಗೆ ವಿವರಿಸ್ದೆ, ದಾರದ ವಿಷಯ ಒಂದು ಬಿಟ್ಟು. "ಸರಿ, ಗಲಾಟೆ ಜಾಸ್ತಿ ಅಂತ ತಾನೇ" ಅಂದ್ಲು. ಮಾರನೇ ದಿನ ಬೆಳಿಗ್ಗೆ ಖಾಲಿ ಟೇಬಲ್ ಮೇಲೆ ಕೀ ಒಂದೇ ರಾಜನ ಹಂಗೆ ಮಲಗಿತ್ತು, ಅರೆಕ್ಷಣದಲ್ಲಿ ಸಿಕ್ತು. "ಚಾರ್ಜರ್ ಎಲ್ಲಿ?" ಅಂತ ಕೇಳ್ದೆ. "ಡ್ರಾಯರಲ್ಲಿ, ಕಣ್ಣೆದುರಿಗೇ ಇದೆ."

ಡ್ರಾಯರ್ ಎಳೆದ್ರೆ ಇಡೀ ಟೇಬಲ್ಲು ಅದರೊಳಗಿತ್ತು.