ಮೂರು ಏಳು ಎಂಬ ಹಲ್ಲು

ನಾನು ಉಡುಪಿಯವನು, ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಜರ್ಮನಿಯ ಟ್ಯೂಬಿಂಗನ್‌ಗೆ ಹೊರಟಾಗ ಭಾಷೆಯ ಚಿಂತೆ ನನಗಿರಲಿಲ್ಲ. ಕುಚ್ಚಲಕ್ಕಿ ಎಷ್ಟು ಕಿಲೋ ಒಯ್ಯಬಹುದು ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು.

ಎರಡನೆಯ ವಾರ, ಗುರುವಾರ ರಾತ್ರಿ, ಕೆಳಗಿನ ದವಡೆಹಲ್ಲು ಸಿಡಿಯತೊಡಗಿತು. ಲವಂಗ, ಉಪ್ಪುನೀರು, ಊರಿನಿಂದ ಒಯ್ದಿದ್ದ ಮಾತ್ರೆ ಎಲ್ಲವೂ ಆಯಿತು. ಬೆಳಗ್ಗೆ ಅಳಿಯ ಕೆಲಸಕ್ಕೆ ಹೋಗಿಯಾಗಿತ್ತು. ರಾತ್ರಿಯಿಡೀ ಮಗುವಿನೊಂದಿಗೆ ಎಚ್ಚರವಿದ್ದ ಮಗಳು ಆಗಷ್ಟೇ ಕಣ್ಣು ಮುಚ್ಚಿದ್ದಳು. ನಾನೇ ಫೋನ್ ಹಿಡಿದೆ. ಇಂಗ್ಲಿಷ್ ಬಲ್ಲ ದಂತವೈದ್ಯರಿಗೆ ಅಲ್ಲಿ ಬರವಿಲ್ಲ. ಡಾಕ್ಟೊಲಿಬ್ ಎಂಬ ಆ್ಯಪ್‌ನಲ್ಲಿ ವೈದ್ಯರನ್ನು ಭಾಷೆ ನೋಡಿಯೇ ಆರಿಸಿಕೊಳ್ಳಬಹುದು. ಆದರೆ ಫೋನ್ ಎತ್ತುವವರು ವೈದ್ಯರಲ್ಲವಲ್ಲ! ಮೊದಲ ಕಡೆ ನನ್ನ ಇಂಗ್ಲಿಷಿಗೆ ಉತ್ತರವಾಗಿ ಉದ್ದನೆಯ ಜರ್ಮನ್ ವಾಕ್ಯವೊಂದು ಬಂತು, ಹಿಂದೆಯೇ ಫೋನ್ ಇಟ್ಟ ಸದ್ದು. ಎರಡನೆಯ ಕಡೆ ಯಂತ್ರ ಮಾತನಾಡಿತು. ಮೂರನೆಯ ಕಡೆ ಆಕೆ ಪಾಪ, ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು. ಜರ್ಮನ್‌ನಲ್ಲಿ.

ಅಷ್ಟರಲ್ಲಿ ಮಗಳಿಗೆ ಎಚ್ಚರವಾಯಿತು. "ಅಪ್ಪ, ಇಲ್ಲಿ ಶುಕ್ರವಾರ ಮಧ್ಯಾಹ್ನದ ಮೇಲೆ ಯಾರೂ ಸಿಗುವುದಿಲ್ಲ. ಫೋನ್ ಬಿಡಿ, ಈಗಲೇ ನೇರ ಹೋಗಿ ಕೂತುಕೊಳ್ಳಿ. ನೋವು ಇದ್ದವರನ್ನು ವಾಪಸು ಕಳುಹಿಸುವುದು ಕಡಿಮೆ" ಎಂದು ಚೀಟಿಯಲ್ಲಿ ಒಂದು ಪದ ಬರೆದುಕೊಟ್ಟಳು: ತ್ಸಾನ್‌ಶ್ಮೆರ್ತ್ಸೆನ್. ಹಲ್ಲುನೋವು ಎಂದು ಅರ್ಥವಂತೆ. ಉಚ್ಚರಿಸಿದರೇ ಹಲ್ಲು ನೋಯುವ ಪದ.

ಎರಡು ಗಂಟೆ ಕಾದೆ. ಕಿಟೆಲ್ ನೆನಪಾದರು. ಅವರು 1903ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಅವರ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ. ಅವರು ನಮ್ಮ ಕಡೆಗೆ ಬಂದು ಕನ್ನಡವನ್ನೆಲ್ಲ ಗುಡ್ಡೆ ಹಾಕಿದರು. ನಾನು ವಿಮಾನ ಹತ್ತುವ ಮೊದಲು ಹತ್ತು ಜರ್ಮನ್ ಪದ ಕಲಿತಿರಲಿಲ್ಲ.

ವೈದ್ಯೆಯ ಇಂಗ್ಲಿಷ್ ಚೆನ್ನಾಗಿಯೇ ಇತ್ತು. "ಎಂಥ ನೋವು?" ಎಂದು ಕೇಳಿದರು. ನನ್ನದು ಒಮ್ಮೆ ಚುಳ್ಳೆನ್ನುವ, ಮತ್ತೆ ಜುಮುಗುಟ್ಟುವ, ತಣ್ಣೀರು ತಾಗಿದರೆ ಕಿವಿಯವರೆಗೆ ಸೆಳೆಯುವ ನೋವು. ಮೂವತ್ತು ವರ್ಷದ ಪಾಠದಲ್ಲಿ ಅದಕ್ಕೊಂದು ಪದ ಇರಲಿಲ್ಲ. ಇಬ್ಬರದ್ದೂ ಪುಸ್ತಕ ಓದಿ ಕಲಿತ ಇಂಗ್ಲಿಷ್. ಕೊನೆಗೆ ಇಬ್ಬರೂ ಕೈ ಆಡಿಸತೊಡಗಿದೆವು.

ಕಾಪಾಡಿದ್ದು ಮೊಬೈಲ್‌ನಲ್ಲಿದ್ದ ಒಂದು ಫೋಟೋ. ಹೊರಡುವ ಮೊದಲು ಮಣಿಪಾಲದಲ್ಲಿ ತೋರಿಸಿದಾಗ ಬರೆದುಕೊಟ್ಟ ಚೀಟಿ, ಅದರಲ್ಲಿ 37 ಎಂದಿತ್ತು. "ಡ್ರೈ ಜೀಬೆನ್!" ಎಂದರು ಆಕೆ, ಮುಖ ಅರಳಿತು. ಮೂವತ್ತೇಳು ಅಲ್ಲ, ಮೂರು ಏಳು. ಬಾಯಿಯನ್ನು ನಾಲ್ಕು ಪಾಲು ಮಾಡಿದರೆ ಎಡಗಡೆಯ ಕೆಳಪಾಲು ಮೂರನೆಯದು. ನಡುವಿನಿಂದ ಎಣಿಸಿದರೆ ಏಳನೆಯ ಹಲ್ಲು. ಈ ಲೆಕ್ಕ ಮಣಿಪಾಲಕ್ಕೂ ಟ್ಯೂಬಿಂಗನ್‌ಗೂ ಒಂದೇ. ಅಮೆರಿಕದಲ್ಲಿ ಮಾತ್ರ ಇದೇ ಹಲ್ಲು 18. ಹುಳುಕು ಆಳಕ್ಕೆ ಇಳಿದಿದೆ, ಪ್ರಯಾಣಕ್ಕೆ ಮುಂಚೆ ರೂಟ್ ಕೆನಾಲ್ ಮಾಡಿಸಿ ಎಂದೂ ಚೀಟಿಯಲ್ಲಿತ್ತು. ಬಂದ ಮೇಲೆ ನೋಡೋಣ ಎಂದವನು ನಾನೇ. ನನ್ನ ಪ್ರಯಾಣ ವಿಮೆ ನೋವು ನಿಲ್ಲಿಸುವಷ್ಟಕ್ಕೆ ಮಾತ್ರ ದುಡ್ಡು ಕೊಟ್ಟಿತು.

ಹಾಗಾಗಿ, ಹೊರಡುವವರು ಯಾರಾದರೂ ಕೇಳಿದರೆ ನಾನು ಇಂಗ್ಲಿಷಿನ ಮಾತೇ ಎತ್ತುವುದಿಲ್ಲ, ಕಾಗದದ ಮಾತಾಡುತ್ತೇನೆ. ಡೋಲೊ ಎಂದರೆ ಅಲ್ಲಿ ಯಾರಿಗೂ ತಿಳಿಯುವುದಿಲ್ಲ, ಪ್ಯಾರಾಸಿಟಮಾಲ್ ಎಂದು ಬರೆಸಿಕೊಳ್ಳಿ. ನಮ್ಮ 102 ಫ್ಯಾರನ್‌ಹೀಟ್ ಜ್ವರ ಅಲ್ಲಿ 38.9 ಸೆಲ್ಸಿಯಸ್. ಬ್ರಿಟನ್‌ಗೆ ಹೋಗುವ ಸಕ್ಕರೆ ಕಾಯಿಲೆಯವರೇ, ರಕ್ತದ ಸಕ್ಕರೆಯ ಅಳತೆ ಅಲ್ಲಿ ಬೇರೆ, ನಿಮ್ಮ 180 ಅಲ್ಲಿ 10, ಖುಷಿಪಡಬೇಡಿ. ಜರ್ಮನಿಯಲ್ಲಿ ಪ್ರಾಣಕ್ಕೆ ಅಪಾಯವಾದರೆ 112, ಅಷ್ಟಿಲ್ಲದೆ ಅಪರಾತ್ರಿ ವೈದ್ಯರು ಬೇಕಾದರೆ 116117.

ಉಡುಪಿಗೆ ಮರಳಿ ಹಲ್ಲಿಗೆ ಕ್ಯಾಪ್ ಹಾಕಿಸಿಕೊಳ್ಳಲು ಹೋದ ದಿನ, ಪಕ್ಕದ ಕುರ್ಚಿಯಲ್ಲಿ ಮಲ್ಪೆಯ ಬೋಟಿನಲ್ಲಿ ದುಡಿಯುವ ಒಡಿಶಾದ ಹುಡುಗನೊಬ್ಬ ಕೆನ್ನೆ ಹಿಡಿದು ಕುಳಿತಿದ್ದ. ಹೆಸರು ಬರೆದುಕೊಳ್ಳುವ ಹುಡುಗಿ ಕನ್ನಡದಲ್ಲಿ ಕೇಳಿದಳು, ಆಮೇಲೆ ತುಳುವಿನಲ್ಲಿ, ಆಮೇಲೆ ಅದನ್ನೇ ಇನ್ನಷ್ಟು ಗಟ್ಟಿಯಾಗಿ. ತಣ್ಣೀರು ತಾಗಿದರೆ ಹೇಗಾಗುತ್ತದೆ ಎಂದು ನಾನು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಅವನು ಮಾತಾಡಲಿಲ್ಲ. ದವಡೆಯಿಂದ ಕಿವಿಯವರೆಗೆ ಬೆರಳೆಳೆದು ತೋರಿಸಿದ.