ಹೌದು ಅನ್ನಿ, ಇಲ್ಲ ಅನ್ನಿ, ಏನಾದರೂ ಒಂದು ಅನ್ನಿ

ಹೋದ ವಾರ ಒಂದು ಬ್ಯಾಂಕಿನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದೆ. ಯಾವ ಬ್ಯಾಂಕ್ ಅಂತ ಹೇಳುವುದಿಲ್ಲ. ಹೇಳಿ ಉಪಯೋಗವೂ ಇಲ್ಲ, ನಿಮ್ಮ ಬ್ಯಾಂಕೂ ಹೀಗೇ ಮಾತಾಡುತ್ತಿರುತ್ತದೆ.

ಅಪ್ಪನಿಗೆ 82. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಪಿಂಚಣಿ ಖಾತೆ ಗದಗಿನ ಶಾಖೆಯಲ್ಲಿದೆ, ಅವರು ಈಗ ವಿಜಯಪುರದಲ್ಲಿ ನಮ್ಮ ಜೊತೆ ಇದ್ದಾರೆ. ಪಿಂಚಣಿದಾರರು ಬದುಕಿದ್ದಾರೆ ಅಂತ ತೋರಿಸಲು ವರ್ಷಕ್ಕೊಮ್ಮೆ ಲೈಫ್ ಸರ್ಟಿಫಿಕೇಟ್ ಕೊಡಬೇಕಲ್ಲ, ಅದರ ವಿಷಯ. ಉಳಿದವರಿಗೆ ನವೆಂಬರ್. 80 ದಾಟಿದ ಕೇಂದ್ರ ಸರ್ಕಾರಿ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು.

2014ರಿಂದ ಇದನ್ನು ಆಧಾರ್ ಮೇಲೆ ಆನ್‌ಲೈನ್‌ನಲ್ಲೂ ಮಾಡಬಹುದು. ನಾವು ಪ್ರಯತ್ನ ಮಾಡದೇ ಇಲ್ಲ. ಜೀವನವಿಡೀ ಸ್ಪ್ಯಾನರ್ ಹಿಡಿದ ಬೆರಳು, ಗೆರೆಗಳೇ ಸವೆದುಹೋಗಿವೆ, ಮಷಿನ್ ಹಿಡಿಯಲಿಲ್ಲ. ಮುಖ ತೋರಿಸುವ ಆ್ಯಪ್ ಹಾಕಿಕೊಂಡೆವು. ಅದು ಕಣ್ಣು ಮಿಟುಕಿಸಿ ಅಂತ ಹೇಳುತ್ತದೆ. ಅಪ್ಪ ಸಿಟ್ಟಾದರು. "ಜೀವಂತ ಅದೀನಿ ಅಂತ ತೋರಸಾಕ ಫೋನಿಗೆ ಕಣ್ಣ ಹೊಡೀಬೇಕೇನು ನಾನು?" ಅಲ್ಲಿಗೆ ಅದೂ ಮುಗಿಯಿತು. ಕಾಗದದಲ್ಲೇ ಕೊಡೋಣ ಅಂದುಕೊಂಡೆ.

ನನ್ನ ಪ್ರಶ್ನೆ ಇಷ್ಟೇ: ಖಾತೆ ಗದಗಿನಲ್ಲಿದೆ, ಸರ್ಟಿಫಿಕೇಟನ್ನು ಇಲ್ಲಿನ ಶಾಖೆಯಲ್ಲಿ ಕೊಟ್ಟರೆ ನಡೆಯುತ್ತದಾ? ಈ ವಯಸ್ಸಿನಲ್ಲಿ ಅವರನ್ನು ಗದಗಿಗೆ ಕರೆದುಕೊಂಡು ಹೋಗಿ ಬರುವುದೆಂದರೆ ಒಂದು ದಿನ ಪೂರ್ತಿ ಬೇಕು.

ಮೊದಲು ಭಾಷೆ ಆರಿಸಿದೆ. ಆಮೇಲೆ ಸಾಲಕ್ಕೆ ಒಂದು, ಕಾರ್ಡಿಗೆ ಎರಡು, ವಿಮೆಗೆ ಮೂರು. ನನ್ನ ಪ್ರಶ್ನೆಗೆ ಯಾವ ಅಂಕಿಯೂ ಇರಲಿಲ್ಲ. ಸುಮ್ನೆ ಸೊನ್ನೆ ಒತ್ತುತ್ತಾ ಕೂತೆ. ಕೊನೆಗೆ ಒಬ್ಬ ಹುಡುಗಿ ಸಿಕ್ಕಳು. ಪ್ರಶ್ನೆ ಕೇಳಿದೆ.

"ಸರ್, ನಿಮ್ಮ ಕಳವಳ ನನಗೆ ಅರ್ಥವಾಗುತ್ತದೆ."

ನನಗೆ ಕಳವಳ ಏನೂ ಇರಲಿಲ್ಲ. ಪ್ರಶ್ನೆ ಇತ್ತು. ಇನ್ನೊಮ್ಮೆ ಕೇಳಿದೆ. "ನಿಮಗಾದ ಅನಾನುಕೂಲತೆಗೆ ವಿಷಾದಿಸುತ್ತೇವೆ ಸರ್." ಅನಾನುಕೂಲ ಇನ್ನೂ ಆಗಿರಲಿಲ್ಲ, ಆಗ ಶುರುವಾಯಿತು. ಈ ಕನ್ನಡವನ್ನು ಯಾರು ಬರೆದುಕೊಡುತ್ತಾರೋ! ಯಾವ ಮನೆಯಲ್ಲಿ, ಯಾವ ಅಂಗಡಿಯಲ್ಲಿ ಹೀಗೆ ಮಾತಾಡುತ್ತಾರೆ ಹೇಳಿ?

ಆಮೇಲೆ ಖಾತೆದಾರರೇ ಮಾತಾಡಬೇಕು ಅಂದಳು. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಾನು ಕೇಳಿದ್ದು ನಿಯಮ. ಖಾತೆಯಲ್ಲಿ ಎಷ್ಟು ದುಡ್ಡಿದೆ ಅಂತ ಕೇಳಿರಲಿಲ್ಲ. ಭಾನುವಾರ ಬ್ಯಾಂಕ್ ರಜೆನಾ ಅಂತ ಕೇಳಿದರೂ ಹುಟ್ಟಿದ ತಾರೀಕು ಕೇಳುತ್ತಾರೇನೋ. ಇರಲಿ, ಅಪ್ಪನ ಕೈಗೆ ಫೋನ್ ಕೊಟ್ಟೆ. ಅವರಿಗೆ ಕಿವಿ ಸ್ವಲ್ಪ ಮಂದ. ಹೆಸರು ಹೇಳಿದರು, ಹುಟ್ಟಿದ ತಾರೀಕು ಹೇಳಿದರು. ತಾಯಿಯ ಹೆಸರು ಕೇಳಿದಾಗ "ಆಕಿ ತೀರಿ ಹೋಗಿ ನಲವತ್ತ ವರ್ಷ ಆತವ್ವಾ" ಅಂದರು. ಆ ಕಡೆಯಿಂದ "ಮಾಹಿತಿಗೆ ಧನ್ಯವಾದಗಳು ಸರ್."

ಎರಡು ಸಲ ಹೋಲ್ಡ್. ಎರಡು ಸಲವೂ "ನಿಮ್ಮ ತಾಳ್ಮೆಗೆ ಧನ್ಯವಾದಗಳು". ನನಗೆ ತಾಳ್ಮೆ ಇದೆ ಅಂತ ಇವರಿಗೆ ಯಾರು ಹೇಳಿದರು? ಗೋಳಗುಮ್ಮಟದ ಊರಿನವರಿಗೆ ಪ್ರತಿಧ್ವನಿ ಹೊಸದೇನಲ್ಲ. ಆದರೆ ಅಲ್ಲಿ ಕೂಗಿದರೆ ನಾನು ಕೂಗಿದ್ದೇ ವಾಪಸ್ ಬರುತ್ತದೆ, ಬೇರೆ ಯಾರೋ ಬರೆದಿದ್ದಲ್ಲ. ಹನ್ನೊಂದು ನಿಮಿಷದ ಮೇಲೆ ಒಂದು ಉದ್ದನೆಯ ನಂಬರ್ ಕೊಟ್ಟು, "ನಿಮ್ಮ ದೂರು ದಾಖಲಾಗಿದೆ, 7 ಕೆಲಸದ ದಿನಗಳಲ್ಲಿ ಪರಿಹರಿಸಲಾಗುವುದು" ಅಂದಳು.

ದೂರು? ಯಾರ ಮೇಲೆ?

ಸಂಜೆ ತಂಗಿಯ ಮಗಳಿಗೆ ಫೋನ್ ಮಾಡಿ ನನ್ನ ಗೋಳು ಹೇಳಿಕೊಂಡೆ. ಅವಳು ಬೆಂಗಳೂರಿನ ಕಾಲ್ ಸೆಂಟರ್ ಒಂದರಲ್ಲಿ ಎರಡು ವರ್ಷ ಇದ್ದವಳು. ನಕ್ಕಳು. "ಮಾಮಾ, ಆಕೀದೇನೂ ತಪ್ಪಿಲ್ಲ. ಕಳವಳ ಅರ್ಥ ಆಗ್ತದ ಅನ್ನಲಿಲ್ಲ ಅಂದ್ರ ಮಾರ್ಕ್ಸ್ ಕಟ್ ಮಾಡ್ತಾರ" ಅಂದಳು.

ಆಮೇಲೆ ಎಲ್ಲ ಬಿಡಿಸಿ ಹೇಳಿದಳು. ಕರೆಗಳು ರೆಕಾರ್ಡ್ ಆಗುತ್ತವೆ, ಕ್ವಾಲಿಟಿಯವರು ಕೆಲವನ್ನು ತೆಗೆದು ಕೇಳುತ್ತಾರೆ. ಓಪನಿಂಗ್ ಸರಿ ಇತ್ತಾ, ಗ್ರಾಹಕರ ಹೆಸರು ಹೇಳಿದಳಾ, ಎಂಪಥಿ ತೋರಿಸಿದಳಾ, ಹೋಲ್ಡ್‌ಗೆ ಹಾಕುವ ಮುಂಚೆ ಕೇಳಿದಳಾ, ಕೊನೆಗೆ ಬೇರೇನಾದರೂ ಸಹಾಯ ಬೇಕಾ ಅಂದಳಾ. ಒಂದೊಂದಕ್ಕೂ ಅಂಕ. ಸುಮ್ಮನಿದ್ದರೆ ಅದಕ್ಕೆ ಡೆಡ್ ಏರ್ ಅಂತ ಹೆಸರು, ಅದೂ ತಪ್ಪು. ಯೋಚನೆ ಮಾಡುವವರು ಒಂದು ಕ್ಷಣವಾದರೂ ಸುಮ್ಮನಿರಬೇಕಲ್ವಾ? ಏನು ಮಾತಾಡಬೇಕು ಅಂತ ಮೊದಲೇ ಬರೆದುಕೊಟ್ಟ ಹಾಳೆ ಇರುತ್ತದೆ, ಅದರಲ್ಲಿಲ್ಲದ ಮಾತನ್ನು ಸ್ವಂತ ಬುದ್ಧಿಯಿಂದ ಹೇಳಿ ಅದು ತಪ್ಪಾದರೆ ಆ ಕರೆಗೆ ಸೊನ್ನೆ. ಅದಕ್ಕೇ ಗೊತ್ತಿದ್ದರೂ ಹೇಳುವುದಿಲ್ಲ, ಟಿಕೆಟ್ ಹಾಕಿ, ಅಂದರೆ ದೂರು ಅಂತ ಬರೆದು ನಂಬರ್ ಕೊಟ್ಟು, ಮುಂದೆ ತಳ್ಳುತ್ತಾರೆ.

ಮೊಬೈಲ್ ಕಂಪನಿಗಳಿಗೆ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ನಿಯಮವಿದೆ. ಆಪರೇಟರ್ ಬೇಕು ಅಂದವರ 100 ಕರೆಗಳಲ್ಲಿ 95ನ್ನು 90 ಸೆಕೆಂಡಿನೊಳಗೆ ಎತ್ತಬೇಕು. ಒಳ್ಳೆಯದೇ. ಫೋನ್ ಎತ್ತಿದ್ದನ್ನು ಗಡಿಯಾರ ನೋಡಿ ಅಳೆಯಬಹುದು. ಎತ್ತಿದ ಮೇಲೆ ಉತ್ತರ ಸಿಕ್ಕಿತೋ ಇಲ್ಲವೋ ಅಂತ ಗಡಿಯಾರಕ್ಕೆ ಗೊತ್ತಾಗುವುದಿಲ್ಲ.

ನಮ್ಮ ಬಸ್‌ಸ್ಟ್ಯಾಂಡಿನ ವಿಚಾರಣೆ ಕೌಂಟರ್ ನೆನಪಾಯಿತು. ಅಲ್ಲಿ ಒಮ್ಮೆ "ತಾಳಿಕೋಟಿ ಬಸ್ ಎಷ್ಟಕ್ಕ್ ಐತ್ರಿ?" ಅಂತ ಕೇಳಿದ್ದೆ. ಅವರು ತಲೆ ಎತ್ತದೆ "ಹೋತು" ಅಂದರು. ನಮಸ್ಕಾರ ಇಲ್ಲ, ವಿಷಾದ ಇಲ್ಲ. ಆದರೆ ಅದು ಉತ್ತರ. ಮುಂದೇನು ಮಾಡಬೇಕು ಅಂತ ನನಗೆ ತಕ್ಷಣ ಗೊತ್ತಾಯಿತು. ಆಗ ಅವರನ್ನು ಬೈದುಕೊಂಡಿದ್ದೆ, ಈಗ ವಾಪಸ್ ತಗೊಂಡಿದ್ದೇನೆ.

ಮಾರನೇ ದಿನ ನಾನೇ ಗಾಂಧಿ ಚೌಕದ ಕಡೆ ಹೋಗುವಾಗ ಶಾಖೆಗೆ ಹೊಕ್ಕೆ. ಬಾಗಿಲಲ್ಲಿ ವಾಚ್‌ಮನ್ ಕೂತಿದ್ದರು. ಒಳಗೆ ಯಾರನ್ನು ಕೇಳಲಿ ಅಂತ ಅವರನ್ನು ಕೇಳಿದೆ, ಜೊತೆಗೆ ಯಾಕೆ ಅಂತಲೂ ಹೇಳಿದೆ.

"ಗದಗಿಂದೇನ್ರಿ? ನಡೀತೈತ್ರಿ, ಯಾವ ಬ್ರಾಂಚಿಂದರ ಇರಲಿ. ಆಧಾರ್ ಮತ್ತ ಪಿಂಚಣಿ ಕಾಗದ ತಗೊಂಡ್ ಬರ್ರಿ. ಮೂರರ ಮ್ಯಾಲ ಬರ್ರಿ, ಗದ್ಲ ಇರಂಗಿಲ್ಲ. ಹಿರಿಯಾರಿಗೆ ನಿಂದ್ರಾಕ ಆಗಂಗಿಲ್ಲಲ್ಲ."

ಹತ್ತು ಸೆಕೆಂಡ್ ಆಗಿರಬಹುದು. ನಾನು ಕೇಳದೇ ಇದ್ದದ್ದನ್ನೂ ಹೇಳಿದರು. ಆಮೇಲೆ ಹುಡುಕಿ ನೋಡಿದರೆ, ಪಿಂಚಣಿ ಕೊಡುವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಕೊಡಬಹುದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಇದೇನು ಗುಟ್ಟಿನ ವಿಷಯವಲ್ಲ. ಆ ಹುಡುಗಿಯ ಹಾಳೆಯಲ್ಲಿ ಇಷ್ಟೆಲ್ಲಾ ವಿಷಾದಕ್ಕೆ ಜಾಗ ಇತ್ತು, ಈ ಒಂದು ಸಾಲಿಗೆ ಇರಲಿಲ್ಲ.

ಮೂರರ ಮೇಲೆ ಅಪ್ಪನನ್ನು ಕರೆದುಕೊಂಡು ಹೋಗಿ ಕೊಟ್ಟು ಬಂದೆ. ವಾಚ್‌ಮನ್ ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಇಬ್ಬರೂ ಮಾತಿಗೆ ಕೂತು ನನಗೇ ತಡವಾಯಿತು.

ನಿನ್ನೆ ಮೆಸೇಜ್ ಬಂತು: "ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ." ಕೆಳಗೆ 1ರಿಂದ 5ರವರೆಗೆ ಅಂಕ ಕೊಡಿ ಅಂತ ಲಿಂಕ್. ಒಂದು ಒತ್ತೋಣ ಅಂತ ಬೆರಳು ಹೋಗಿತ್ತು. ತಂಗಿಯ ಮಗಳ ಮಾತು ನೆನಪಾಯಿತು, ಆ ಅಂಕ ಬೀಳುವುದು ಬ್ಯಾಂಕಿಗಲ್ಲ, ಆ ಹುಡುಗಿಗೆ. 5 ಒತ್ತಿದೆ.